ಹೃದಯ ಚಿತ್ರಣದಲ್ಲಿ ಉಸಿರಾಟದ ಜಾಡು

ಎಂ.ಆರ್.ಐ., ಸಿ.ಟಿ., ಪೆಟ್, ಸ್ಪೆಕ್ಟ್ ಮುಂತಾದ ಸ್ಕ್ಯಾನುಗಳಲ್ಲಿ ಹೃದಯದ ಚಿತ್ರ ತೆಗೆಯುತ್ತಿರುವಾಗ ಉಸಿರಾಟದಿಂದಾಗಿ ಹೃದಯ ಎತ್ತ, ಎಷ್ಟು ಸರಿಯುತ್ತಿದೆ ಎಂದು ಅಳೆದು, ಆ ಅಳತೆಗೆ ತಕ್ಕಂತೆ ಮಾಹಿತಿಯನ್ನು ಆರಿಸುವ ಇಲ್ಲವೇ ತಿದ್ದುವ ವಿಧಾನಗಳನ್ನು ಒಟ್ಟಾಗಿ ಉಸಿರಾಟದ ಜಾಡುಹಿಡಿಯುವಿಕೆ ಎನ್ನಬಹುದು. ಹೃದಯದ ಚಲನೆ ಎರಡು ಬಗೆಯದು. ಒಂದು ಅದರದೇ ಬಡಿತ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100. ಇನ್ನೊಂದು ಉಸಿರಾಟ ಅದರ ಮೇಲೆ ಹೇರುವ ಚಲನೆ. ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 20 ಸಲ. ತೂಗುತ್ತಿರುವ ತೊಟ್ಟಿಲಲ್ಲಿ ಮಲಗಿ ಕೈಕಾಲು ಬಡಿಯುವ ಮಗುವಿನ ಚಿತ್ರ ತೆಗೆಯಲು ಹೊರಟವರ ಪಾಡು ಇದು. ಬಡಿತದ ಲಯವನ್ನು ಇ.ಸಿ.ಜಿ. ಹೇಳಿಕೊಡುತ್ತದೆ: ಪ್ರತಿ ಬಡಿತಕ್ಕೂ ಚೂಪಾದ ಒಂದು ವಿದ್ಯುತ್ ಗುರುತು ಸಿಗುತ್ತದೆ, ಯಂತ್ರ ಅದಕ್ಕೆ ಹೆಜ್ಜೆ ಹಾಕುತ್ತದೆ. ಉಸಿರಾಟಕ್ಕೆ ಅಂಥ ಚೂಪಾದ ಗುರುತು ಯಾವುದೂ ಇಲ್ಲ. ಅದು ಅರ್ಧ ನಮ್ಮ ಹತೋಟಿಯಲ್ಲಿದೆ, ಅರ್ಧ ಇಲ್ಲ. ಭಯಕ್ಕೆ, ನಿದ್ದೆಗೆ, ಕೆಮ್ಮಿಗೆ, ಒಂದು ನಿಟ್ಟುಸಿರಿಗೆ ಅದರ ಲಯವೂ ಆಳವೂ ಬದಲಾಗುತ್ತವೆ.

ಹೃದಯ ಉಸಿರಿನೊಂದಿಗೆ ಏಕೆ ಚಲಿಸುತ್ತದೆ ಎಂಬುದಕ್ಕೆ ಉತ್ತರ ಅಂಗರಚನೆಯಲ್ಲಿದೆ. ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುವಿನ ಹಾಳೆ ವಪೆ. ಅದರ ನಡುವಿನ ನಾರುಭಾಗಕ್ಕೆ ಹೃದಯಾವರಣ ಗಟ್ಟಿಯಾಗಿ ಬೆಸೆದುಕೊಂಡಿದೆ. ಉಸಿರು ಒಳಗೆ ಎಳೆದಾಗ ವಪೆ ಕೆಳಗಿಳಿಯುತ್ತದೆ, ತನ್ನೊಡನೆ ಹೃದಯವನ್ನೂ ಎಳೆದೊಯ್ಯುತ್ತದೆ. ಬಿಟ್ಟಾಗ ಎರಡೂ ಮೇಲೇರುತ್ತವೆ. ಸಹಜ ಉಸಿರಾಟದಲ್ಲಿ ವಪೆಯ ಏರಿಳಿತ ಒಂದೆರಡು ಸೆಂಟಿಮೀಟರು. ಆಳವಾಗಿ ಎಳೆದರೆ ಅದರ ಹಲವು ಪಟ್ಟು. ಹೃದಯದ ಮುಖ್ಯ ಸರಿದಾಟ ತಲೆಯಿಂದ ಕಾಲಿನ ದಿಕ್ಕಿನಲ್ಲಿ, ಸಾಮಾನ್ಯವಾಗಿ ಒಂದು ಸೆಂಟಿಮೀಟರಿನ ಆಸುಪಾಸು. ಜೊತೆಗೆ ಮುಂದಕ್ಕೂ ಪಕ್ಕಕ್ಕೂ ಕೆಲವು ಮಿಲಿಮೀಟರು, ಒಂದಿಷ್ಟು ತಿರುಗುವಿಕೆ, ಒಂದಿಷ್ಟು ಹಿಗ್ಗುವಿಕೆ. ಕೇಳಲು ಇದು ಅತ್ಯಲ್ಪ. ಆದರೆ ಹೃದಯಕ್ಕೆ ರಕ್ತ ಒದಗಿಸುವ ಕರೋನರಿ ಧಮನಿಗಳ ಅಗಲವೇ ಬುಡದಲ್ಲಿ 3–4 ಮಿಲಿಮೀಟರು, ಮುಂದೆ ಇನ್ನೂ ಕಡಿಮೆ. ತನ್ನ ಅಗಲದ ಮೂರು ಪಟ್ಟು ದೂರ ಜೋಲಿ ಹೊಡೆಯುವ ಕೊಳವೆಯಲ್ಲಿ ಅರ್ಧ ಮುಚ್ಚಿದ ಜಾಗ ಹುಡುಕಬೇಕೆಂದರೆ ಆ ಒಂದು ಸೆಂಟಿಮೀಟರೇ ದೊಡ್ಡ ತೊಡಕು.

ಈ ಕ್ಷೇತ್ರದಲ್ಲಿ ಬಳಕೆಯಾದ ವಿಧಾನಗಳನ್ನು ಒಟ್ಟಾಗಿ ನೋಡಿದಾಗ ಒಂದು ಅಂಶ ಎದ್ದು ಕಾಣುತ್ತದೆ: ಬಹುಪಾಲು ವಿಧಾನಗಳು ಅಳೆಯುವುದು ಹೃದಯವನ್ನಲ್ಲ. ಹೊಟ್ಟೆಗೆ ಬಿಗಿದ ಪಟ್ಟಿ ಹೊಟ್ಟೆಯ ಉಬ್ಬನ್ನು ಅಳೆಯುತ್ತದೆ, ಎದೆಯ ಮೇಲಿಟ್ಟ ಗುರುತು ಚರ್ಮದ ಏರಿಳಿತವನ್ನು, ಎಂ.ಆರ್.ಐ.ಯ ನ್ಯಾವಿಗೇಟರ್ ಎಂಬ ತಂತ್ರ ಯಕೃತ್ತಿನ ನೆತ್ತಿಯನ್ನು. ಅಲ್ಲಿಂದ ಹೃದಯದ ಜಾಗವನ್ನು ಊಹಿಸಲಾಗುತ್ತದೆ. ಕಳೆದ ನಾಲ್ಕು ದಶಕಗಳ ಪ್ರಗತಿಯೆಂದರೆ ಈ ಬದಲಿ ಸೂಚಕ ಹೃದಯಕ್ಕೆ ಹತ್ತಿರ ಹತ್ತಿರ ಬರುತ್ತ, ಕೊನೆಗೆ ಹೃದಯವೇ ತನ್ನ ಸೂಚಕವಾದ ಬಗೆ.

ಎಂ.ಆರ್.ಐ.: ಉಸಿರು ಹಿಡಿಸುವುದರಿಂದ ನ್ಯಾವಿಗೇಟರಿನವರೆಗೆ

ಉಸಿರಾಟದ ಕಾಟ ಅತಿ ಹೆಚ್ಚಾಗಿ ಬಾಧಿಸುವುದೂ, ಅದಕ್ಕೆ ಅತಿ ಜಾಣ ಪರಿಹಾರಗಳು ಹುಟ್ಟಿರುವುದೂ ಎಂ.ಆರ್.ಐ.ಯಲ್ಲಿ. ಈ ಯಂತ್ರ ಚಿತ್ರವನ್ನು ಒಂದೇ ಏಟಿಗೆ ತೆಗೆಯುವುದಿಲ್ಲ. ಕೆ-ಸ್ಪೇಸ್ ಎಂಬ ಗಣಿತದ ಕೋಷ್ಟಕವನ್ನು ಸಾಲುಸಾಲಾಗಿ, ಹಲವು ಬಡಿತಗಳ ಕಾಲ ತುಂಬಿಸಿ, ಅದರಿಂದ ಚಿತ್ರವನ್ನು ಲೆಕ್ಕಹಾಕಿ ತೆಗೆಯುತ್ತದೆ. ಪ್ರತಿ ಸಾಲಿನಲ್ಲೂ ಇಡೀ ಚಿತ್ರದ ಅಂಶವಿರುವುದರಿಂದ, ಸಾಲು ಸಾಲಿಗೂ ಹೃದಯ ಬೇರೆ ಜಾಗದಲ್ಲಿದ್ದರೆ ಕೆಡುವುದು ಒಂದು ಮೂಲೆಯಷ್ಟೇ ಅಲ್ಲ. ಚಿತ್ರವಿಡೀ ಮಸುಕಾಗುತ್ತದೆ, ಎದೆಗೋಡೆಯ ಹೊಳೆಯುವ ಕೊಬ್ಬಿನ ಪ್ರತಿಗಳು ಹೃದಯದ ಮೇಲೆ ಒಂದರ ಹಿಂದೊಂದು ಬೀಳುತ್ತವೆ. ತಜ್ಞರು ಇದನ್ನು ಗೋಸ್ಟಿಂಗ್ ಎನ್ನುತ್ತಾರೆ.

1980ರ ದಶಕದ ಮಧ್ಯದಲ್ಲಿ ಬಂದ ಮೊದಲ ಉಪಾಯಗಳಲ್ಲಿ ಒಂದು, ಉಸಿರಿನ ಹಂತಕ್ಕೆ ಹೊಂದುವಂತೆ ಸಾಲುಗಳನ್ನು ತುಂಬುವ ಕ್ರಮವನ್ನೇ ಬದಲಿಸುವುದು. ಉಸಿರಿನ ಹಂತ ತಿಳಿಯಲು ಹೊಟ್ಟೆಗೋ ಎದೆಗೋ ಗಾಳಿ ತುಂಬಿದ ಪಟ್ಟಿ ಕಟ್ಟುತ್ತಿದ್ದರು, ಇಂದಿಗೂ ಕಟ್ಟುತ್ತಾರೆ. ಪಟ್ಟಿ ಅಗ್ಗ, ಸರಳ. ಆದರೆ ಅದು ಉಸಿರು ಯಾವ ಹಂತದಲ್ಲಿದೆ ಎಂದು ಹೇಳುತ್ತದೆಯೇ ಹೊರತು ಹೃದಯ ಎಷ್ಟು ಮಿಲಿಮೀಟರು ಸರಿಯಿತು ಎಂದಲ್ಲ. ಎದೆಯಿಂದ ಉಸಿರಾಡುವವರಿಗೂ ಹೊಟ್ಟೆಯಿಂದ ಉಸಿರಾಡುವವರಿಗೂ ಅದೇ ಪಟ್ಟಿ ಬೇರೆ ಬೇರೆ ಕಥೆ ಹೇಳುತ್ತದೆ. ಸ್ವಲ್ಪ ಸಡಿಲವಾದರಂತೂ ಏನನ್ನೂ ಹೇಳುವುದಿಲ್ಲ.

ಎಲ್ಲಕ್ಕಿಂತ ನೇರವಾದ ದಾರಿ ಉಸಿರು ಹಿಡಿಯಲು ಹೇಳುವುದು. ಹೃದಯದ ಕೆಲಸವನ್ನು ಅಳೆಯುವ ಸಿನಿ ಚಿತ್ರಗಳಿಗೆ ಇದೇ ಇಂದಿಗೂ ರೂಢಿ: ಒಂದು ಪದರಕ್ಕೆ 8ರಿಂದ 15 ಸೆಕೆಂಡು, ಎಡ ಹೃತ್ಕುಕ್ಷಿಯನ್ನು ಬುಡದಿಂದ ತುದಿಯವರೆಗೆ ಆವರಿಸಲು ಹತ್ತು ಹನ್ನೆರಡು ಪದರ. ಉಸಿರನ್ನು ಹೊರಬಿಟ್ಟು ಹಿಡಿಯುವುದು ಮೇಲು, ಏಕೆಂದರೆ ವಪೆ ಆ ಸ್ಥಿತಿಗೆ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಮಟ್ಟಕ್ಕೆ ಮರಳುತ್ತದೆ. ಎಳೆದುಕೊಂಡು ಹಿಡಿದರೆ ಒಂದೊಂದು ಸಲ ಒಂದೊಂದು ಮಟ್ಟ. ಮಟ್ಟ ತಪ್ಪಿದರೆ ಒಂದು ಪದರ ಎರಡು ಸಲ ಬಂದು ಇನ್ನೊಂದು ಬಿಟ್ಟೇಹೋಗಬಹುದು, ಆಗ ರಕ್ತದ ಪ್ರಮಾಣದ ಲೆಕ್ಕ ತಪ್ಪುತ್ತದೆ. ಉಸಿರು ಹಿಡಿದೇ ಇದ್ದರೂ ವಪೆ ಮೆಲ್ಲಗೆ ತೇಲುತ್ತಿರುತ್ತದೆ ಎಂಬುದೂ ಅಳತೆಗಳಿಂದ ಗೊತ್ತಾಗಿದೆ. ಇವೆಲ್ಲಕ್ಕಿಂತ ದೊಡ್ಡ ತೊಡಕು ಬೇರೆ: ಹೃದಯದ ಸ್ಕ್ಯಾನ್ ಯಾರಿಗೆ ಹೆಚ್ಚು ಬೇಕೋ, ಆ ಹೃದಯ ವೈಫಲ್ಯದ ರೋಗಿಗಳಿಗೇ ಚಪ್ಪಟೆಯಾಗಿ ಮಲಗಿ ಹದಿನೈದು ಸೆಕೆಂಡು ಉಸಿರು ಹಿಡಿಯುವುದು ಕಷ್ಟ. ಮಕ್ಕಳಿಗೂ ಅಷ್ಟೆ.

ಉಸಿರು ಹಿಡಿಸದೆಯೇ ಚಿತ್ರ ತೆಗೆಯುವ ದಾರಿ ತೆರೆದದ್ದು 1989ರಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್‌ನ ರಿಚರ್ಡ್ ಎಮನ್ ಮತ್ತು ಜೋಯೆಲ್ ಫೆಲ್ಮ್ಲಿ ಆ ವರ್ಷ ನ್ಯಾವಿಗೇಟರ್ ಪ್ರತಿಧ್ವನಿ ಎಂಬ ತಂತ್ರವನ್ನು ಪ್ರಕಟಿಸಿದರು. ಚಿತ್ರಕ್ಕೆ ಬೇಕಾದ ಸಂಕೇತಗಳ ನಡುವೆ ಒಂದು ಪುಟ್ಟ ಹೆಚ್ಚುವರಿ ಅಳತೆ ತೂರಿಸಿ, ಅದರಿಂದ ಅಂಗದ ಸ್ಥಾನವನ್ನು ತಿಳಿಯುವುದು ಅದರ ತಿರುಳು. ಹೃದಯಕ್ಕೆ ಇದನ್ನು ಬಳಸುವಾಗ ಪೆನ್ಸಿಲಿನಷ್ಟು ದಪ್ಪದ ಒಂದು ಸ್ತಂಭವನ್ನು ತಲೆಯಿಂದ ಕಾಲಿನ ದಿಕ್ಕಿಗೆ, ಬಲಭಾಗದ ವಪೆಯ ಗುಮ್ಮಟವನ್ನು ಹಾಯುವಂತೆ ಇಡುತ್ತಾರೆ. ಮೇಲೆ ಗಾಳಿ ತುಂಬಿದ ಶ್ವಾಸಕೋಶ ಕಪ್ಪಗೆ, ಕೆಳಗೆ ಯಕೃತ್ತು ಬೆಳ್ಳಗೆ. ನಡುವಿನ ಗೆರೆ ಎಲ್ಲಿದೆ ಎಂದು ಯಂತ್ರ ಹತ್ತಾರು ಮಿಲಿಸೆಕೆಂಡುಗಳಲ್ಲೇ ಓದಿಬಿಡುತ್ತದೆ. ಪ್ರತಿ ಬಡಿತದಲ್ಲೂ ಮೊದಲು ಈ ಓದು, ಆಮೇಲೆ ಚಿತ್ರದ ಮಾಹಿತಿ. ಗೆರೆ ನಿಗದಿಯಾದ ಕಿಂಡಿಯೊಳಗೆ, ವಾಡಿಕೆಯಲ್ಲಿ 5 ಮಿಲಿಮೀಟರಿನ ಕಿಂಡಿಯೊಳಗೆ, ಇದ್ದರೆ ಮಾಹಿತಿ ಸ್ವೀಕಾರ. ಇಲ್ಲದಿದ್ದರೆ ತಿರಸ್ಕಾರ, ಮುಂದಿನ ಬಡಿತದಲ್ಲಿ ಮತ್ತೆ ಪ್ರಯತ್ನ.

ಕಿಂಡಿಯೊಳಗೂ ಉಳಿಯುವ ಅಲ್ಪಸ್ವಲ್ಪ ಸರಿದಾಟಕ್ಕೆ ಮತ್ತೊಂದು ತಿದ್ದುಪಡಿ ಇದೆ. ವಪೆ ಸರಿದಷ್ಟು ಹೃದಯ ಸರಿಯುವುದಿಲ್ಲ. 1995ರಲ್ಲಿ ಮೇಯೋ ಕ್ಲಿನಿಕ್‌ನ ವಾಂಗ್, ರೀಡರರ್ ಮತ್ತು ಎಮನ್ ನಡೆಸಿದ ಅಳತೆಗಳ ಆಧಾರದ ಮೇಲೆ, ವಪೆಯ ಚಲನೆಯ ಸುಮಾರು 0.6 ಪಾಲು ಹೃದಯದ ಚಲನೆ ಎಂಬ ಗುಣಾಂಕ ಬಳಕೆಗೆ ಬಂತು. ವಪೆ 5 ಮಿಲಿಮೀಟರು ಇಳಿದರೆ ಯಂತ್ರ ತಾನು ನೋಡುವ ಪದರವನ್ನು 3 ಮಿಲಿಮೀಟರು ಇಳಿಸಿಕೊಳ್ಳುತ್ತದೆ. ಈ 0.6 ಇಡೀ ಕ್ಷೇತ್ರದ ಅತಿ ಅನುಕೂಲದ ಸಂಖ್ಯೆ, ಅತಿ ಅನುಮಾನದ ಸಂಖ್ಯೆಯೂ ಹೌದು. ಅದೇ ಅಧ್ಯಯನ ವ್ಯಕ್ತಿಯಿಂದ ವ್ಯಕ್ತಿಗೆ, ಹೃದಯದ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಆ ಅನುಪಾತ ಬಹಳ ಬದಲಾಗುವುದನ್ನೂ ತೋರಿಸಿತ್ತು. ವಪೆಗೆ ಹತ್ತಿರದ ಕೆಳಗೋಡೆ ಹೆಚ್ಚು ಚಲಿಸುತ್ತದೆ, ಮೇಲಿನ ರಕ್ತನಾಳಗಳ ಬುಡ ಕಡಿಮೆ. ಇದರ ಮೇಲೆ ಇನ್ನೊಂದು ಸಿಕ್ಕು: ವಪೆ ಒಂದೇ ಮಟ್ಟದಲ್ಲಿದ್ದರೂ, ಉಸಿರು ಎಳೆಯುವ ದಾರಿಯಲ್ಲಿ ಹೃದಯ ಒಂದು ಕಡೆ, ಬಿಡುವ ದಾರಿಯಲ್ಲಿ ಇನ್ನೊಂದು ಕಡೆ ಇರಬಹುದು. ಆಗ ಒಂದೇ ಗುಣಾಂಕದಿಂದ ಎರಡನ್ನೂ ಸರಿಪಡಿಸಲಾಗದು.

ಆದರೂ ನ್ಯಾವಿಗೇಟರ್ ಕೆಲಸ ಮಾಡಿತು. ಬೋಸ್ಟನ್‌ನ ವಾರನ್ ಮ್ಯಾನಿಂಗ್ ಮತ್ತು ಸಂಗಡಿಗರು 1993ರಲ್ಲಿ ಉಸಿರು ಹಿಡಿಸಿ ತೆಗೆದ ಕರೋನರಿ ಎಂ.ಆರ್. ಚಿತ್ರಗಳನ್ನು ರೂಢಿಯ ಆಂಜಿಯೋಗ್ರಾಂ ಜೊತೆ ಹೋಲಿಸಿ ಪ್ರಕಟಿಸಿದ್ದರು. ಅದೇ ಗುಂಪು ಮುಂದಾಳಾಗಿ 7 ಕೇಂದ್ರಗಳಲ್ಲಿ 109 ರೋಗಿಗಳ ಮೇಲೆ ನಡೆದ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಗಳು ಆರಾಮವಾಗಿ ಉಸಿರಾಡುತ್ತಲೇ ಇದ್ದರು, ಜಾಡು ಹಿಡಿಯುವ ಕೆಲಸ ನ್ಯಾವಿಗೇಟರಿನದು. ಎಡ ಮುಖ್ಯ ಧಮನಿಯ ಅಥವಾ ಮೂರೂ ಧಮನಿಗಳ ಕಾಯಿಲೆಯನ್ನು ಗುರುತಿಸುವಲ್ಲಿ, ಇಲ್ಲವೆಂದು ಹೇಳುವಲ್ಲಿ ಈ ವಿಧಾನ ಭರವಸೆ ಹುಟ್ಟಿಸಿತು.

ಅದಕ್ಕೆ ತೆತ್ತ ಬೆಲೆ ಸಮಯ. ಕಿಂಡಿಯೊಳಗೆ ಬೀಳುವ ಬಡಿತಗಳು ಸಾಮಾನ್ಯವಾಗಿ ನೂರಕ್ಕೆ 30ರಿಂದ 50 ಮಾತ್ರ. ಐದು ನಿಮಿಷದ ಸ್ಕ್ಯಾನ್ ಹತ್ತು ಹದಿನೈದು ನಿಮಿಷಕ್ಕೆ ಹಿಗ್ಗುತ್ತದೆ. ನಡುವೆ ರೋಗಿಗೆ ಜೋಂಪು ಹತ್ತಿದರೆ ಉಸಿರಿನ ಆಳ ಬದಲಾಗಿ, ಗೆರೆ ಕಿಂಡಿಯಿಂದ ಆಚೆಗೆ ತೇಲಿಹೋಗುತ್ತದೆ. ಆಗ ಪರದೆಯ ಮೇಲಿನ ಶೇಕಡಾವಾರು ಅಂಕಿ ಅಲ್ಲಾಡದೆ ನಿಲ್ಲುತ್ತದೆ. ತಂತ್ರಜ್ಞರು ಕಿಂಡಿಯನ್ನು ಸರಿಸಿ ಮುಂದುವರಿಯಬೇಕೋ, ಎಲ್ಲ ಬಿಟ್ಟು ಮೊದಲಿನಿಂದ ಶುರುಮಾಡಬೇಕೋ ಎಂಬ ಇಕ್ಕಟ್ಟಿಗೆ ಸಿಲುಕುತ್ತಾರೆ. ಯಾವಾಗ ಮುಗಿಯುತ್ತದೆಂದು ಹೇಳಲಾಗದ ಸ್ಕ್ಯಾನ್ ಅನ್ನು ಜನದಟ್ಟಣೆಯ ಆಸ್ಪತ್ರೆಯ ದಿನಚರಿಯಲ್ಲಿ ಹೊಂದಿಸುವುದು ಕಷ್ಟ. ಕರೋನರಿ ಎಂ.ಆರ್.ಐ. ಜನಪ್ರಿಯವಾಗದಿರಲು ಚಿತ್ರದ ಗುಣಮಟ್ಟದಷ್ಟೇ ಈ ಅನಿಶ್ಚಿತತೆಯೂ ಕಾರಣವೆಂದು ಹೇಳಬೇಕು.

ಹೃದಯವೇ ಸೂಚಕವಾದಾಗ

ಮುಂದಿನ ಹೆಜ್ಜೆ ವಪೆಯನ್ನು ಬಿಟ್ಟು ಹೃದಯವನ್ನೇ ನೋಡುವುದು. ಕೆ-ಸ್ಪೇಸಿನ ನಡುವಣ ಒಂದು ಗೆರೆಯನ್ನು ಪ್ರತಿ ಬಡಿತದಲ್ಲೂ ಮತ್ತೆ ಓದಿದರೆ ಎದೆಯ ಒಟ್ಟು ನೆರಳು ತಲೆ-ಕಾಲಿನ ದಿಕ್ಕಿನಲ್ಲಿ ಸಿಗುತ್ತದೆ. ಅದರಲ್ಲಿ ಹೊಳೆಯುವ ರಕ್ತದ ಭಾಗ ಎಷ್ಟು ಸರಿಯಿತೆಂದು ನೋಡಿ ತಿದ್ದಬಹುದು. 2000ದ ದಶಕದಲ್ಲಿ ಬೆಳೆದ ಈ ತಂತ್ರಕ್ಕೆ ಸ್ವಯಂ-ನ್ಯಾವಿಗೇಶನ್ ಎಂದು ಹೆಸರು. ಗುಣಾಂಕ ಬೇಕಿಲ್ಲ, ಎಲ್ಲ ಬಡಿತವನ್ನೂ ಉಳಿಸಿಕೊಳ್ಳಬಹುದು, ಆದ್ದರಿಂದ ಸ್ಕ್ಯಾನ್ ಎಷ್ಟು ಹೊತ್ತಿನದೆಂದು ಮೊದಲೇ ಹೇಳಬಹುದು. ಆದರೆ ಆ ನೆರಳಿನಲ್ಲಿ ಅಲುಗಾಡದ ಎದೆಗೋಡೆ, ಬೆನ್ನು, ತೋಳು ಎಲ್ಲ ಬೆರೆತಿರುವುದರಿಂದ ಹೃದಯದ ಪಾಲನ್ನು ಬೇರ್ಪಡಿಸುವುದು ಸುಲಭವಲ್ಲ. ಈ ಕೊರತೆ ನೀಗಲು ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಪ್ರತಿ ಬಡಿತದಲ್ಲೂ ಹೃದಯದ ಒಂದು ಒರಟು ಚಿತ್ರವನ್ನೇ ತೆಗೆದು ಅದನ್ನು ಸೂಚಕವಾಗಿಸಿದರು. ಒರಟಾದರೂ ಅದು ಹೃದಯದ್ದೇ ಚಿತ್ರ. ಮೇಲೆ-ಕೆಳಗೆ ಮಾತ್ರವಲ್ಲ, ಪಕ್ಕದ ಸರಿತವೂ ಅದರಲ್ಲಿ ಕಾಣುತ್ತದೆ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಲಿ ಫೆಂಗ್, ರಿಕಾರ್ಡೊ ಒಟಾಜೊ ಮತ್ತಿತರರು 2016ರಲ್ಲಿ ಪ್ರಕಟಿಸಿದ ಎಕ್ಸ್‌ಡಿ-ಗ್ರಾಸ್ಪ್ ವಿಧಾನ ಪ್ರಶ್ನೆಯನ್ನೇ ತಿರುಗಿಸಿ ಹಾಕಿತು. ಉಸಿರನ್ನು ತಿದ್ದುವ ಬದಲು ಅದನ್ನು ಚಿತ್ರದ ಮತ್ತೊಂದು ಆಯಾಮವಾಗಿ ಉಳಿಸಿಕೊಳ್ಳುವುದು ಅದರ ದಾರಿ. ನಿರಂತರವಾಗಿ ಸಂಗ್ರಹಿಸಿದ ಮಾಹಿತಿಯನ್ನು ಬಡಿತದ ಹಂತಕ್ಕೂ ಉಸಿರಿನ ಹಂತಕ್ಕೂ ತಕ್ಕಂತೆ ಪೆಟ್ಟಿಗೆಗಳಲ್ಲಿ ವಿಂಗಡಿಸುತ್ತಾರೆ. ಪ್ರತಿ ಪೆಟ್ಟಿಗೆಯಲ್ಲೂ ಪೂರ್ತಿ ಚಿತ್ರಕ್ಕೆ ಸಾಲದಷ್ಟು ಮಾಹಿತಿ ಮಾತ್ರ ಇರುತ್ತದೆ. ಅಕ್ಕಪಕ್ಕದ ಪೆಟ್ಟಿಗೆಗಳ ಚಿತ್ರಗಳು ಒಂದನ್ನೊಂದು ಹೋಲಬೇಕೆಂಬ ಗಣಿತದ ನಿರ್ಬಂಧ ಹೇರಿ ಕಂಪ್ರೆಸ್ಡ್ ಸೆನ್ಸಿಂಗ್ ತಂತ್ರದಿಂದ ಉಳಿದುದನ್ನು ಪಡೆಯುತ್ತಾರೆ. ಲೆಕ್ಕ ಭಾರಿ, ಕಂಪ್ಯೂಟರಿಗೆ ಹೊರೆ. ಆಳವಾದ ನರಜಾಲಗಳ ಬಳಕೆ ಆ ಹೊರೆಯನ್ನು ಈಗ ಇಳಿಸುತ್ತಿದೆ.

ಪೈಲಟ್ ಟೋನ್ ಎಂಬುದು ಇವುಗಳ ಪಕ್ಕದಲ್ಲಿ ಬೆಳೆದ ಬೇರೊಂದು ಯುಕ್ತಿ. ಚಿತ್ರಕ್ಕೆ ಬಳಸುವ ತರಂಗಾಂತರದ ಅಂಚಿನಾಚೆ ಒಂದು ಕ್ಷೀಣ ರೇಡಿಯೋ ಸಂಕೇತವನ್ನು ಬಿಟ್ಟರೆ, ದೇಹದೊಳಗಿನ ಗಾಳಿ-ರಕ್ತಗಳ ಹಂಚಿಕೆ ಬದಲಾದಂತೆ ಅದರ ಬಲವೂ ಬದಲಾಗುತ್ತದೆ. ಚಿತ್ರದ ಸಂಕೇತ ಹಿಡಿಯುವ ಯಂತ್ರದ ಸಾಮಾನ್ಯ ಸುರುಳಿಗಳೇ ಅದನ್ನೂ ಹಿಡಿಯುತ್ತವೆ. ರೋಗಿಗೆ ಏನನ್ನೂ ಕಟ್ಟಬೇಕಿಲ್ಲ.

ವಿಕಿರಣ ಪರಮಾಣುಗಳ ಚಿತ್ರಣ

ಸ್ಪೆಕ್ಟ್ ಮತ್ತು ಪೆಟ್ ಸ್ಕ್ಯಾನುಗಳಲ್ಲಿ ಉಸಿರು ಹಿಡಿಸುವ ಪ್ರಶ್ನೆಯೇ ಬರುವುದಿಲ್ಲ, ಏಕೆಂದರೆ ಸಂಗ್ರಹವೇ ಹತ್ತಾರು ನಿಮಿಷ. ಹೃದಯದ ಸ್ನಾಯುವಿಗೆ ರಕ್ತ ಎಷ್ಟು ತಲುಪುತ್ತಿದೆ ಎಂದು ತೋರಿಸುವ ಈ ಚಿತ್ರಗಳು ಎಂ.ಆರ್.ಐ.ಯಷ್ಟು ಸೂಕ್ಷ್ಮವಲ್ಲ. ಹಾಗಾಗಿ ಕೆಲವು ಮಿಲಿಮೀಟರು ಅತ್ತಿತ್ತ ಆದರೇನು ಎಂಬ ಉದಾಸೀನ ಬಹುಕಾಲ ಇತ್ತು. ಆದರೆ ಇಲ್ಲಿ ನಷ್ಟ ಬರೀ ಮಸುಕಿನದಲ್ಲ. ಇಲ್ಲದ ಕಾಯಿಲೆಯನ್ನು ಚಿತ್ರ ಹುಟ್ಟಿಸಬಲ್ಲದು.

ಇದರ ಹಳೆಯ, ಸ್ವಾರಸ್ಯದ ಉದಾಹರಣೆ 1989ರದು. ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ವೈದ್ಯರು ಥ್ಯಾಲಿಯಂ-201 ಬಳಸಿ ನಡೆಸುವ ವ್ಯಾಯಾಮ ಪರೀಕ್ಷೆಯಲ್ಲಿ ಹೃದಯ ಮೇಲ್ಮೇಲಕ್ಕೆ ತೆವಳುವುದನ್ನು ವರದಿ ಮಾಡಿದರು. ಟ್ರೆಡ್‌ಮಿಲ್ ಮೇಲೆ ಓಡಿ ಬಂದವರು ಏದುಸಿರು ಬಿಡುತ್ತ ಮಲಗುತ್ತಾರೆ; ಶ್ವಾಸಕೋಶ ಹಿಗ್ಗಿದೆ, ವಪೆ ಕೆಳಗಿದೆ, ಹೃದಯವೂ ಕೆಳಗೆ. ಕ್ಯಾಮೆರಾ ಎದೆಯ ಸುತ್ತ ಮೆಲ್ಲಗೆ ಸುತ್ತುತ್ತಿರುವಾಗ ಉಸಿರು ತಹಬಂದಿಗೆ ಬರುತ್ತದೆ, ಹೃದಯ ತನ್ನ ಜಾಗಕ್ಕೆ ಏರುತ್ತದೆ. ಮೊದಲ ಕೋನದ ನೋಟಕ್ಕೂ ಕೊನೆಯ ಕೋನದ ನೋಟಕ್ಕೂ ತಾಳೆಯಾಗದೆ, ಹೃದಯದ ಕೆಳಗೋಡೆಯಲ್ಲಿ ರಕ್ತ ಕಡಿಮೆಯಾದಂತೆ ಸುಳ್ಳು ಕಲೆ ಮೂಡುತ್ತದೆ. ವಿಶ್ರಾಂತಿಯ ಚಿತ್ರದಲ್ಲಿ ಆ ಕಲೆ ಇರುವುದಿಲ್ಲ. ನೋಡಿದವರಿಗೆ ಇದು ಧಮನಿ ಕಟ್ಟಿಕೊಂಡಿರುವುದರ ಪಕ್ಕಾ ಲಕ್ಷಣ. ಪರಿಹಾರಕ್ಕೆ ಯಾವ ಉಪಕರಣವೂ ಬೇಕಾಗಲಿಲ್ಲ. ವ್ಯಾಯಾಮದ ನಂತರ ಸುಮಾರು ಕಾಲು ಗಂಟೆ ಕಾದು ಸ್ಕ್ಯಾನ್ ಶುರುಮಾಡಿದರೆ ಸಾಕಿತ್ತು. ಥ್ಯಾಲಿಯಂನಷ್ಟು ಬೇಗ ಜಾಗ ಬದಲಿಸದ ಟೆಕ್ನೀಷಿಯಂ-99ಎಂ ಔಷಧಗಳು ಬಂದ ಮೇಲೆ ಕಾಯುವುದು ಇನ್ನೂ ಸಲೀಸಾಯಿತು. ಕಚ್ಚಾ ನೋಟಗಳನ್ನು ಸಿನಿಮಾದಂತೆ ಓಡಿಸಿ ಹೃದಯ ಜಿಗಿಯುತ್ತಿದೆಯೇ ಎಂದು ಕಣ್ಣಾರೆ ನೋಡುವುದು ಇಂದಿಗೂ ಈ ವಿಭಾಗದ ಒಳ್ಳೆಯ ರೂಢಿ, ತಂತ್ರಾಂಶ ಎಷ್ಟೇ ಜಾಣವಾಗಿದ್ದರೂ ಬಿಡಬಾರದ ರೂಢಿ.

ಪೆಟ್‌ನಲ್ಲಿ ತೊಂದರೆ ತಂದದ್ದು ವಿಚಿತ್ರವೆಂಬಂತೆ ತಂತ್ರಜ್ಞಾನದ ವೇಗ. ದೇಹದೊಳಗಿಂದ ಹೊರಡುವ ಕಿರಣಗಳನ್ನು ಮೂಳೆ-ಮಾಂಸಗಳು ಒಂದಿಷ್ಟು ಹೀರಿಕೊಳ್ಳುವುದರಿಂದ ಆ ನಷ್ಟವನ್ನು ಲೆಕ್ಕಹಾಕಿ ತುಂಬಿಕೊಡಬೇಕು. ಮೊದಲು ಇದಕ್ಕೆ ದೇಹದ ಸುತ್ತ ನಿಧಾನವಾಗಿ ಸುತ್ತುವ ವಿಕಿರಣದ ಸರಳು ಬಳಸುತ್ತಿದ್ದರು. ಅದೂ ನಿಮಿಷಗಟ್ಟಲೆ ಹಿಡಿಯುತ್ತಿದ್ದುದರಿಂದ ಉಸಿರಿನ ಸರಾಸರಿ ಎರಡು ಕಡೆಯೂ ಒಂದೇ ಇರುತ್ತಿತ್ತು. 2000ದ ನಂತರ ಪೆಟ್-ಸಿ.ಟಿ. ಜೋಡಿ ಯಂತ್ರ ಬಂತು. ಸಿ.ಟಿ. ಕೆಲವೇ ಸೆಕೆಂಡುಗಳಲ್ಲಿ ಉಸಿರಿನ ಯಾವುದೋ ಒಂದು ಹಂತವನ್ನು ಹಿಡಿದುಬಿಡುತ್ತದೆ, ಪೆಟ್ ನೂರಾರು ಉಸಿರುಗಳ ಸರಾಸರಿಯನ್ನು. ಎರಡನ್ನೂ ಒಂದರ ಮೇಲೊಂದಿಟ್ಟಾಗ ಎಡ ಹೃತ್ಕುಕ್ಷಿಯ ಪಕ್ಕದ ಗೋಡೆ ಸಿ.ಟಿ.ಯ ಪ್ರಕಾರ ಶ್ವಾಸಕೋಶದೊಳಗೆ ಬಿದ್ದಿರುತ್ತದೆ. ಶ್ವಾಸಕೋಶ ಕಿರಣವನ್ನು ಹೀರುವುದು ಕಡಿಮೆ ಎಂದು ಯಂತ್ರ ಕಡಿಮೆ ತುಂಬಿಕೊಡುತ್ತದೆ, ಆರೋಗ್ಯವಂತ ಸ್ನಾಯು ರಕ್ತವಿಲ್ಲದಂತೆ ಕಾಣುತ್ತದೆ. ಹ್ಯೂಸ್ಟನ್ನಿನ ಲ್ಯಾನ್ಸ್ ಗೌಲ್ಡ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 40 ರೋಗಿಗಳಲ್ಲಿ ಇಂಥ ಹುಸಿ ಕಲೆಗಳಿದ್ದವು. ಸಿ.ಟಿ.ಯನ್ನು ಹಲವು ಉಸಿರುಗಳ ಸರಾಸರಿಯಾಗಿ ತೆಗೆಯುವುದು, ಎರಡು ಚಿತ್ರಗಳನ್ನು ಕೈಯಿಂದಲೋ ತಂತ್ರಾಂಶದಿಂದಲೋ ಸರಿಸಿ ಕೂಡಿಸುವುದು ಇದಕ್ಕೆ ಬಂದ ಮದ್ದುಗಳು.

ಪೆಟ್‌ನಲ್ಲಿ ಜಾಡು ಹಿಡಿಯುವ ಹೊರಗಿನ ಸಾಧನಗಳು ಹಲವು: ಎದೆಯ ಮೇಲೆ ಪ್ರತಿಫಲಿಸುವ ಗುರುತಿಟ್ಟು ಅವಕೆಂಪು ಕ್ಯಾಮೆರಾದಿಂದ ನೋಡುವುದು, ಒತ್ತಡ ಅಳೆಯುವ ಪಟ್ಟಿ, ಆಳ ಗ್ರಹಿಸುವ ಕ್ಯಾಮೆರಾ. ಇವು ಹೇಳುವುದೂ ಚರ್ಮದ ಮಾತನ್ನೇ. ಈಚೆಗೆ ಒಲವು ಪೆಟ್ ಮಾಹಿತಿಯಿಂದಲೇ ಉಸಿರನ್ನು ಹೆಕ್ಕುವ ವಿಧಾನಗಳತ್ತ ಹೊರಳಿದೆ. ಪ್ರತಿಯೊಂದು ಕಿರಣಜೋಡಿಯೂ ಬಂದ ವೇಳೆಯ ಸಮೇತ ದಾಖಲಾಗಿರುವುದರಿಂದ, ಅರೆ ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಅವುಗಳ ಗುರುತ್ವಕೇಂದ್ರ ಏರಿಳಿಯುವುದನ್ನು ಹಿಡಿಯಬಹುದು. ಎಡಿನ್‌ಬರೋದ ಸಂಶೋಧಕರು 2014ರಲ್ಲಿ ಫ್ಲೋರಿನ್-18 ಸೋಡಿಯಂ ಫ್ಲೋರೈಡ್ ಬಳಸಿ ಕರೋನರಿ ಧಮನಿಯ ಅಪಾಯಕಾರಿ ಗಂಟುಗಳನ್ನು ಗುರುತಿಸಬಹುದೆಂದು ತೋರಿಸಿದ ಮೇಲೆ ಇದಕ್ಕೆ ಹೊಸ ತುರ್ತು ಬಂತು. ಕೆಲವೇ ಮಿಲಿಮೀಟರಿನ ಆ ಗಂಟಿನ ಕ್ಷೀಣ ಬೆಳಕನ್ನು ಒಂದು ಸೆಂಟಿಮೀಟರಿನ ಅಲುಗಾಟದಲ್ಲಿ ಹರಡಿಹೋಗಲು ಬಿಟ್ಟರೆ ಹಿನ್ನೆಲೆಯಲ್ಲಿ ಕರಗಿಬಿಡುತ್ತದೆ.

ಸಿ.ಟಿ. ಮತ್ತು ಉಳಿದವು

ಸಿ.ಟಿ. ಈ ಸಮಸ್ಯೆಯನ್ನು ಬುದ್ಧಿಯಿಂದಲ್ಲ, ವೇಗದಿಂದ ಗೆದ್ದಿತು. 2004ರ ಸುಮಾರಿಗೆ ಬಂದ 64 ಸ್ಲೈಸ್ ಯಂತ್ರಕ್ಕೆ ಹೃದಯವನ್ನು ಆವರಿಸಲು ಹತ್ತು ಸೆಕೆಂಡಿನೊಳಗಿನ ಉಸಿರುಹಿಡಿತ ಸಾಕಾಯಿತು. 2005ರಲ್ಲಿ ಎರಡು ಎಕ್ಸ್-ರೇ ಕೊಳವೆಗಳ ಯಂತ್ರ ಒಂದು ಚಿತ್ರದ ಅವಧಿಯನ್ನು 83 ಮಿಲಿಸೆಕೆಂಡಿಗೆ ಇಳಿಸಿತು. 2007ರಲ್ಲಿ ಬಂದ 320 ಸಾಲಿನ ಯಂತ್ರದ ಗ್ರಾಹಕ 16 ಸೆಂಟಿಮೀಟರು ಅಗಲ. ಇಡೀ ಹೃದಯ ಒಂದೇ ಬಡಿತದಲ್ಲಿ ಮುಗಿದುಹೋಗುತ್ತದೆ. ಜಾಡು ಹಿಡಿಯುವ ಸಾಧನದ ಬದಲು ಇಲ್ಲಿರುವುದು ಉಸಿರು ಹಿಡಿಯಿರಿ ಎಂಬ ಒಂದು ಆಜ್ಞೆ. ಬಹುತೇಕ ಯಂತ್ರಗಳು ಅದನ್ನು ಧ್ವನಿಮುದ್ರಣದಿಂದ ನುಡಿಸುತ್ತವೆ. ಊರಿನ ಭಾಷೆಯಲ್ಲಿ ಮುದ್ರಿಸಿಕೊಳ್ಳುವ ಅನುಕೂಲವೂ ಇರುತ್ತದೆ. ಕಲಬುರಗಿ ಸೀಮೆಯ ಅಜ್ಜಿಗೆ ತಿಳಿಯದ ಭಾಷೆಯಲ್ಲಿ ಯಂತ್ರ ಕೂಗಿದರೆ ಅವರು ಗಾಬರಿಯಾಗಿ ಇನ್ನಷ್ಟು ಉಸಿರಾಡುತ್ತಾರೆ. 'ಉಸಿರು ತಗೋರಿ, ಹಂಗ ಹಿಡೀರಿ, ಈಗ ಬಿಡ್ರಿ' ಎಂದು ಮೊದಲೇ ಒಂದೆರಡು ಸಲ ಅಭ್ಯಾಸ ಮಾಡಿಸಿದರೆ ಕೋಟಿಗಟ್ಟಲೆ ಬೆಲೆಯ ಯಂತ್ರ ತನ್ನ ಕೆಲಸ ಮಾಡುತ್ತದೆ. ಹಿಡಿಯುವಾಗ ಮುಕ್ಕಬಾರದು. ಮುಕ್ಕಿದರೆ ಎದೆಯೊಳಗಿನ ಒತ್ತಡ ಏರಿ ರಕ್ತ ಹೃದಯಕ್ಕೆ ಮರಳುವುದೂ, ಬಡಿತದ ವೇಗವೂ ಏರುಪೇರಾಗುತ್ತವೆ. ಹಲವು ಬಡಿತಗಳಲ್ಲಿ ಹಂತಹಂತವಾಗಿ ಚಿತ್ರ ತೆಗೆಯುವ ಯಂತ್ರಗಳಲ್ಲಿ ಉಸಿರು ನಡುವೆ ಜಾರಿದರೆ ಧಮನಿ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದಂತೆ ಕಾಣುತ್ತದೆ.

ಎಕೋ ಪರೀಕ್ಷೆಯಲ್ಲಿ ಚಿತ್ರ ಕ್ಷಣಕ್ಷಣಕ್ಕೂ ಹುಟ್ಟುವುದರಿಂದ ಮಸುಕಿನ ಚಿಂತೆಯಿಲ್ಲ. ಶ್ವಾಸಕೋಶ ಅಡ್ಡ ಬರದಿರಲೆಂದು ಉಸಿರು ಬಿಟ್ಟು ಹಿಡಿಯಲು ಹೇಳುವುದುಂಟು. ಚಿಕಿತ್ಸೆಯಲ್ಲಿ ಮಾತ್ರ ಪ್ರಶ್ನೆ ಮತ್ತೆ ಬಿಗಿಯಾಗುತ್ತದೆ. 2017ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವೈದ್ಯರು ಬೇರೆ ಚಿಕಿತ್ಸೆಗೆ ಬಗ್ಗದ ಲಯದೋಷವಿದ್ದ 5 ರೋಗಿಗಳ ಹೃದಯಕ್ಕೆ ಹೊರಗಿನಿಂದಲೇ ಒಂದೇ ಸಲ 25 ಗ್ರೇ ವಿಕಿರಣ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಗುರಿಯನ್ನು ಉಸಿರಿನ ಅಲೆದಾಟವೆಲ್ಲ ಒಳಗೊಳ್ಳುವಂತೆ ಹಿಗ್ಗಿಸಿಕೊಂಡರೆ ಪಕ್ಕದ ಜಠರ, ಶ್ವಾಸಕೋಶಗಳಿಗೂ ಪೆಟ್ಟು; ಹಿಗ್ಗಿಸದಿದ್ದರೆ ಗುರಿಯೇ ತಪ್ಪಬಹುದು.

ಉಸಿರೇ ಪುರಾವೆಯಾಗುವ ಸಂದರ್ಭ

ಉಸಿರಿನ ಪ್ರಭಾವವನ್ನು ಅಳಿಸುವುದು ತಪ್ಪಾಗುವ ಕಾಯಿಲೆಗಳೂ ಇವೆ. ಹೃದಯಾವರಣ ದಪ್ಪಗಟ್ಟಿ ಬಿಗಿದುಕೊಂಡಾಗ, ಅಥವಾ ಅದರೊಳಗೆ ನೀರು ತುಂಬಿ ಹೃದಯವನ್ನು ಅದುಮಿದಾಗ, ಬಲ ಮತ್ತು ಎಡ ಹೃತ್ಕುಕ್ಷಿಗಳು ಒಂದೇ ಇಕ್ಕಟ್ಟಾದ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಉಸಿರು ಎಳೆದಾಗ ಬಲಗಡೆ ಹೆಚ್ಚು ರಕ್ತ ನುಗ್ಗಿ ನಡುಗೋಡೆಯನ್ನು ಎಡಕ್ಕೆ ತಳ್ಳುತ್ತದೆ, ಬಿಟ್ಟಾಗ ಅದು ಹಿಂದಿರುಗುತ್ತದೆ. ಎಕೋದಲ್ಲಿ ಮಿಟ್ರಲ್ ಕವಾಟದ ಮೂಲಕ ಹರಿಯುವ ರಕ್ತದ ವೇಗ ಉಸಿರಿನೊಂದಿಗೆ ನೂರಕ್ಕೆ 25ಕ್ಕಿಂತ ಹೆಚ್ಚು ಏರಿಳಿದರೆ ವೈದ್ಯರು ಈ ಕಾಯಿಲೆಗಳನ್ನು ಶಂಕಿಸುತ್ತಾರೆ. ಎಂ.ಆರ್.ಐ.ಯಲ್ಲಿ ಇದನ್ನು ಕಾಣಲು ಬಡಿತಕ್ಕೂ ಉಸಿರಿಗೂ ಕಾಯದ ನೈಜಕಾಲದ ಚಿತ್ರಣ ಬೇಕು. ಜರ್ಮನಿಯ ಗಟಿಂಗೆನ್‌ನಲ್ಲಿ ಯೆನ್ಸ್ ಫ್ರಾಮ್ ಅವರ ಗುಂಪು 2010ರಲ್ಲಿ ಒಂದು ಚಿತ್ರಕ್ಕೆ 20 ಮಿಲಿಸೆಕೆಂಡು ಸಾಕಾಗುವಂತೆ ಮಾಡಿ ಈ ದಾರಿಯನ್ನು ಬಹಳ ಮುಂದಕ್ಕೆ ಒಯ್ದಿತು. ಬೆಲ್ಜಿಯಂನ ಲೂವೆನ್‌ನಲ್ಲಿ ಸೈಕಲ್ ತುಳಿಯುತ್ತಿರುವವರ ಹೃದಯವನ್ನು ಹೀಗೆಯೇ ತಡೆಯಿಲ್ಲದೆ ಚಿತ್ರಿಸಿ, ಆಮೇಲೆ ಉಸಿರಿನ ದಾಖಲೆಯೊಂದಿಗೆ ತಾಳೆಹಾಕಿ ಎರಡೂ ಹೃತ್ಕುಕ್ಷಿಗಳ ಗಾತ್ರ ಅಳೆದಿದ್ದಾರೆ. ಬಿಗಿದ ಹೃದಯಾವರಣದ ಶಂಕೆಯಿದ್ದು ಬಂದ ರೋಗಿಗೆ ತಂತ್ರಜ್ಞರು ಉಳಿದ ಪದರಗಳಿಗೆಲ್ಲ ಉಸಿರು ಹಿಡಿಸಿ, ನಡುಗೋಡೆಯನ್ನು ನೋಡುವ ಒಂದು ಪದರಕ್ಕೆ ಮಾತ್ರ ಆಳವಾಗಿ ಎಳೆದು ಬಿಡಲು ಹೇಳುತ್ತಾರೆ. ಹಿಡಿದರೆ ನಡುಗೋಡೆಯ ಆ ತುಯ್ದಾಟ ನಿಂತು, ಕಾಯಿಲೆ ಚಿತ್ರದಲ್ಲಿ ಕಾಣದೆ ಹೋಗುತ್ತದೆ.